ಹಿಂದೆ ಚೀಲ, ಮುಂದೆ ತಿರುವು

ಖಾನಾಪುರದಿಂದ ಬೆಳಗಾವಿ ಪೇಟೆಗೆ ಸುಮಾರು 25 ಕಿ.ಮೀ. ಹೋಗುವಾಗ ಮೋಟಾರ್ ಸೈಕಲ್ ಮೇಲೆ ನಾವೊಬ್ಬರೇ. ಬರುವಾಗ ಹಿಂದೆ 50 ಕಿಲೋ ಗೊಬ್ಬರದ ಚೀಲ. ಆ ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು, ಮುಂದಿನ ಗಾಲಿ ಹಗುರಾಗುತ್ತದೆ. ದೀಪ ಎದುರಿನವರ ಕಣ್ಣು ಕುಕ್ಕುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದ ತಿರುವಿನಲ್ಲಿ ಜಾರಿದರೆ ನಷ್ಟ ಚೀಲದ್ದಷ್ಟೇ ಅಲ್ಲ.

ಚೀಲದ ಹಗ್ಗವನ್ನು ಎರಡು ಸಲ ಎಳೆದು ನೋಡುವ ನಾವು ಹಿಂದಿನ ಶಾಕ್ ಅಬ್ಸಾರ್ಬರ್ ಕಡೆ ನೋಡುವುದಿಲ್ಲ. ಅದರ ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲುಗಳಿರುವ ಉಂಗುರವಿರುತ್ತದೆ. ಹಲವು ಗಾಡಿಗಳಲ್ಲಿ 5 ಮೆಟ್ಟಿಲು. ಕೊಕ್ಕೆ ಪಾನಾದಿಂದ ಅದನ್ನು ತಿರುಗಿಸಬೇಕು. ಹಗುರ ಮೈಯವರು ಒಬ್ಬರೇ ಹೋಗುವಾಗ ಮೊದಲ ಮೆಟ್ಟಿಲು ಸಾಕು. ಹಿಂದೆ ಮನೆಯವರೋ ಚೀಲವೋ ಇದ್ದರೆ ಒಂದೆರಡು ಮೆಟ್ಟಿಲು ಏರಿಸಿ. ಕೆಟ್ಟ ದಾರಿಯಲ್ಲಿ ವೇಗವಾಗಿ ಓಡಿಸಿ ದಡಕ್ಕೆಂದು ತಳ ತಾಗುತ್ತಿದ್ದರೆ ಇನ್ನೊಂದು. ಎರಡೂ ಬದಿ ಸಮನಾಗಿರಲೇಬೇಕು.

ಇದರಿಂದ ಕುಸಿದ ಗಾಡಿ ತನ್ನ ಎತ್ತರಕ್ಕೆ ಮರಳುತ್ತದೆ. ಹೊರುವ ಶಕ್ತಿ ಹೆಚ್ಚುವುದಿಲ್ಲ. ಎಣ್ಣೆ ಸೋರುತ್ತಿದ್ದರೆ ಉಂಗುರ ತಿರುಗಿಸಿ ಫಲವಿಲ್ಲ, ಶಾಕ್ ಅಬ್ಸಾರ್ಬರನ್ನೇ ಬದಲಿಸಬೇಕು. ಮನೆ ಮುಟ್ಟಿ ಚೀಲ ಇಳಿಸಿದ ಮೇಲೆ ಉಂಗುರವನ್ನೂ ಇಳಿಸಿ. ಇಲ್ಲವಾದರೆ ಮರುದಿನ ಖಾಲಿ ಗಾಡಿ ಗುಂಡಿಗುಂಡಿಗೂ ಪುಟಿಯುತ್ತದೆ.