ಕೈಯ ಕಸುಬಿಗೆ ಅಂಕೆಯ ಒರೆಗಲ್ಲು

ಅಕ್ಕಸಾಲಿಗನ ಕೈಗೆ ಒಂದು ಉಂಗುರವನ್ನು ಕೊಟ್ಟರೆ ಅವನು ಅದರ ಹೊಳಪಿಗೆ ಮರುಳಾಗುವುದಿಲ್ಲ. ಒರೆಗಲ್ಲಿನ ಮೇಲೆ ಒಂದು ಗೆರೆಯನ್ನೆಳೆದು, ಅದನ್ನು ಪರೀಕ್ಷಿಸಿ, ಇದು ಇಷ್ಟು ಶುದ್ಧಿಯ ಚಿನ್ನವೆಂದು ಹೇಳುತ್ತಾನೆ. ಚಿನ್ನಕ್ಕೆ ಒರೆಗಲ್ಲು ಉಂಟು, ಧಾನ್ಯಕ್ಕೆ ಮೊರ ಉಂಟು. ಆದರೆ ಮನುಷ್ಯನ ಕೈಯಲ್ಲಿರುವ ಕಸುಬನ್ನು ಒರೆಹಚ್ಚುವುದು ಹೇಗೆ? ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿದ್ದಿತು. ಬಡಗಿಯ ಮಗನು ತಂದೆಯ ಬಳಿಯಲ್ಲಿಯೇ ವರ್ಷಗಟ್ಟಲೆ ದುಡಿಯುತ್ತಿದ್ದನು. ಬೆಟಗೇರಿಯ ನೇಕಾರನ ಮಗನು ಮಗ್ಗದ ಸಪ್ಪಳದಲ್ಲಿಯೇ ಬೆಳೆಯುತ್ತಿದ್ದನು. ಗುರುವಿನ ಕಣ್ಣೇ ಪರೀಕ್ಷೆ, ಗುರುವಿನ ಮಾತೇ ಪ್ರಮಾಣಪತ್ರ. ಇಂದು ಕಲಿಯುವವನು ಒಂದೂರಿನವನು, ಕಲಿಸುವವನು ಮತ್ತೊಂದೂರಿನವನು, ಕೆಲಸ ಕೊಡುವವನು ಇವರಿಬ್ಬರನ್ನೂ ಕಾಣದವನು. ಆದುದರಿಂದ ಕುಶಲತೆಗೆ ಎಲ್ಲರೂ ಒಪ್ಪತಕ್ಕ ಅಳತೆಗೋಲು ಬೇಕಾಗಿದೆ.

ಒಂದು ಉದಾಹರಣೆಯಿಂದ ಈ ವಿಚಾರವನ್ನು ಸ್ಪಷ್ಟಪಡಿಸಬಹುದು. ಗದಗ ಜಿಲ್ಲೆಯಲ್ಲಿ ಸಂಚರಿಸಿದವರಿಗೆ ಬಯಲಿನಲ್ಲಿಯೂ ಗುಡ್ಡಗಳ ಸಾಲಿನಲ್ಲಿಯೂ ನಿಂತಿರುವ ಗಾಳಿಯಂತ್ರಗಳು ಅಪರಿಚಿತವಲ್ಲ. ಹರ್ತಿಯ ತರುಣನೊಬ್ಬನು ಇಂತಹ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸವನ್ನು ಕಲಿಯುತ್ತಿರುವನೆಂದು ಭಾವಿಸೋಣ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಗೋಪುರದ ಎತ್ತರ ೮೦ ಮೀಟರಿಗಿಂತಲೂ ಹೆಚ್ಚು. ಅಲ್ಲಿ ಬೋಲ್ಟೊಂದನ್ನು ಸಡಿಲವಾಗಿ ಬಿಟ್ಟರೆ ಯಂತ್ರಕ್ಕೆ ಅಪಾಯ. ಸುರಕ್ಷೆಯ ಹಗ್ಗದ ಕೊಂಡಿಯನ್ನು ತಪ್ಪಾಗಿ ಸಿಕ್ಕಿಸಿದರೆ ಅವನ ಜೀವಕ್ಕೇ ಅಪಾಯ. ಪರೀಕ್ಷೆಯು ಎರಡು ರೀತಿಯಿಂದ ತಪ್ಪಬಹುದು. ಕೆಲಸ ಬಾರದವನನ್ನು ಯೋಗ್ಯನೆಂದು ಮೇಲಕ್ಕೆ ಕಳುಹಿಸುವುದು ಮೊದಲನೆಯ ತಪ್ಪು. ಅದರ ಬೆಲೆ ಪ್ರಾಣ. ಕೆಲಸ ಬಲ್ಲವನನ್ನು ಅಯೋಗ್ಯನೆಂದು ಮನೆಗೆ ಕಳುಹಿಸುವುದು ಎರಡನೆಯದು. ಅದರ ಬೆಲೆ ಒಂದು ಸಂಸಾರದ ಅನ್ನ. ಈ ಎರಡನ್ನೂ ಕಡಮೆ ಮಾಡುವುದೇ ಪರೀಕ್ಷಾಶಾಸ್ತ್ರದ ಗುರಿ.

ನಮ್ಮ ದೇಶದಲ್ಲಿ ಕುಶಲಕರ್ಮಿಗಳ ಶಿಕ್ಷಣ ಯೋಜನೆಯು ೧೯೫೦ರಲ್ಲಿ ಪ್ರಾರಂಭವಾಯಿತು. ಕಾರ್ಖಾನೆಗಳಲ್ಲಿ ದುಡಿಯುತ್ತಲೇ ಕಲಿಯುವವರಿಗಾಗಿ ೧೯೬೧ರಲ್ಲಿ ಅಪ್ರೆಂಟಿಸ್ ಶಾಸನ ಬಂದಿತು. ೨೦೧೩ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಕಲಿತವನು ಎಷ್ಟು ತಿಂಗಳು ಕುಳಿತನೆಂಬುದನ್ನಲ್ಲ, ಏನನ್ನು ಮಾಡಬಲ್ಲನೆಂಬುದನ್ನು ಎಣಿಕೆಗೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ಶಾಲೆಯ ಮೆಟ್ಟಿಲು ಹತ್ತದೆ ಕೆಲಸದಲ್ಲಿಯೇ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಮಾನ್ಯತೆ ನೀಡುವ ಏರ್ಪಾಡೂ ಈಗ ಇದೆ. ‘ಏನನ್ನು ಮಾಡಬಲ್ಲನು’ ಎಂಬುದನ್ನು ಅಳೆಯುವಾಗಲೇ ಗಣಕಯಂತ್ರವೂ ಅದರ ಪರಿವಾರದ ಡಿಜಿಟಲ್ ಉಪಕರಣಗಳೂ ನೆರವಿಗೆ ಬರುವುವು.

ತೆರೆಯ ಮೇಲಿನ ಪ್ರಶ್ನೆ

ಇವುಗಳಲ್ಲಿ ಅತ್ಯಂತ ಪರಿಚಿತವಾದುದು ಗಣಕಯಂತ್ರದ ಪ್ರಶ್ನಪತ್ರಿಕೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಲಿಖಿತ ಪರೀಕ್ಷೆಯು ಈಗ ಈ ವಿಧಾನದಿಂದಲೇ ನಡೆಯುತ್ತದೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳಿದ್ದು, ಸರಿಯಾದುದನ್ನು ಆರಿಸಬೇಕು. ಏನೂ ಅರಿಯದವನು ಕಣ್ಣು ಮುಚ್ಚಿ ಗುರುತು ಹಾಕಿದರೆ ಏನಾಗುವುದು? ಪ್ರಶ್ನೆಗಳು ೨೫ ಇದ್ದು, ೧೦ ಸರಿಯಾದರೆ ತೇರ್ಗಡೆಯೆಂದಿಟ್ಟುಕೊಳ್ಳೋಣ. ಸಂಭವನೀಯತೆಯ ಗಣಿತದ ಪ್ರಕಾರ ಇಂತಹ ನೂರು ಮಂದಿಯಲ್ಲಿ ಸುಮಾರು ಏಳು ಮಂದಿ ಕೇವಲ ಅದೃಷ್ಟದಿಂದ ತೇರ್ಗಡೆಯಾಗುವರು! ಪ್ರಶ್ನೆಗಳನ್ನು ೫೦ಕ್ಕೆ ಏರಿಸಿ ೨೦ ಸರಿಯಾಗಬೇಕೆಂದರೆ, ನೂರಕ್ಕೆ ಒಬ್ಬಿಬ್ಬರು ಮಾತ್ರ ನುಸುಳುವರು. ತೇರ್ಗಡೆಯ ಪ್ರಮಾಣ ಎರಡರಲ್ಲಿಯೂ ನೂರಕ್ಕೆ ನಲವತ್ತೇ; ಆದರೂ ಪ್ರಶ್ನೆಗಳು ಹೆಚ್ಚಿದಷ್ಟೂ ಅದೃಷ್ಟದ ಕೈ ಕುಗ್ಗುವುದು.

ಗಣಕಯಂತ್ರದಿಂದ ಮತ್ತೊಂದು ಉಪಕಾರವಿದೆ. ಅದು ವಿದ್ಯಾರ್ಥಿಯನ್ನು ಮಾತ್ರವಲ್ಲ, ಪ್ರಶ್ನೆಯನ್ನೂ ಪರೀಕ್ಷಿಸಬಲ್ಲದು. ಒಟ್ಟು ಅಂಕಗಳಲ್ಲಿ ಮೇಲಿರುವ ೩೦ ಮಂದಿಯನ್ನೂ ಕೆಳಗಿರುವ ೩೦ ಮಂದಿಯನ್ನೂ ಬೇರ್ಪಡಿಸೋಣ. ಒಂದು ಪ್ರಶ್ನೆಗೆ ಮೇಲಿನ ಗುಂಪಿನ ೨೪ ಮಂದಿಯೂ ಕೆಳಗಿನ ಗುಂಪಿನ ೬ ಮಂದಿಯೂ ಸರಿಯಾದ ಉತ್ತರವನ್ನು ಕೊಟ್ಟಿದ್ದರೆ, ಆ ಪ್ರಶ್ನೆಯು ಬಲ್ಲವರನ್ನೂ ಬಾರದವರನ್ನೂ ಚೆನ್ನಾಗಿ ಬೇರ್ಪಡಿಸುತ್ತಿದೆಯೆಂದು ಅರ್ಥ. ಇನ್ನೊಂದಕ್ಕೆ ಮೇಲಿನವರಲ್ಲಿ ೧೫ ಮಂದಿ, ಕೆಳಗಿನವರಲ್ಲಿ ೧೮ ಮಂದಿ ಸರಿಯಾಗಿ ಉತ್ತರಿಸಿದ್ದರೆ? ಆಗ ದೋಷವು ವಿದ್ಯಾರ್ಥಿಗಳಲ್ಲಿಲ್ಲ, ಪ್ರಶ್ನೆಯಲ್ಲಿಯೇ ಇರಬೇಕೆಂದು ಶಂಕಿಸಬೇಕು. ಎಷ್ಟೋ ವೇಳೆ ಆ ದೋಷವು ಭಾಷೆಯದು. ಗದಗಿನ ಕಡೆಯ ಕೆಲಸಗಾರನು ‘ಪಾನಾ’ ಎಂದು ಕರೆಯುವ ಸಾಧನವನ್ನು ಪ್ರಶ್ನೆಯು ಅವನು ಕೇಳರಿಯದ ಹೆಸರಿನಿಂದ ಕರೆದರೆ, ಅಳತೆಯಾಗುವುದು ಅವನ ಕಸುಬಲ್ಲ, ಅವನ ಶಬ್ದಭಂಡಾರ.

ಲೆಕ್ಕವಿಡುವ ಪಾನಾ

ಪ್ರಶ್ನೆಗೆ ಉತ್ತರಿಸುವುದು ಬೇರೆ, ಕೆಲಸ ಮಾಡುವುದು ಬೇರೆ. ಈಜಿನ ಪುಸ್ತಕವನ್ನು ಬಾಯಿಪಾಠ ಮಾಡಿದವನು ಕೆರೆಗೆ ಇಳಿಯಬಲ್ಲನೇ? ಆದುದರಿಂದ ಕೈಯನ್ನೇ ಅಳೆಯುವ ಉಪಕರಣಗಳು ಬೇಕು. ಬೋಲ್ಟನ್ನು ಬಿಗಿಯುವ ಸಾಮಾನ್ಯ ಕೆಲಸವನ್ನೇ ನೋಡೋಣ. ಅರ್ಧ ಮೀಟರ್ ಉದ್ದದ ಪಾನಾದ ತುದಿಯನ್ನು ೨೦೦ ನ್ಯೂಟನ್, ಎಂದರೆ ಸುಮಾರು ೨೦ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಒತ್ತಿದರೆ, ೧೦೦ ನ್ಯೂಟನ್-ಮೀಟರ್ ತಿರುಚುಬಲ ಉಂಟಾಗುವುದು. ಆದರೆ ಈ ಬಲದಲ್ಲಿ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರಷ್ಟು ಭಾಗವು ಬೋಲ್ಟಿನ ತಲೆಯ ಅಡಿಯಲ್ಲಿಯೂ ಅದರ ಎಳೆಗಳಲ್ಲಿಯೂ ಘರ್ಷಣೆಯಿಂದ ವ್ಯಯವಾಗಿ, ಹತ್ತರಷ್ಟು ಮಾತ್ರವೇ ಬೋಲ್ಟನ್ನು ಎಳೆದು ಬಿಗಿಯಾಗಿ ನಿಲ್ಲಿಸಲು ಉಪಯೋಗವಾಗುತ್ತದೆ. ಎಳೆಗಳಿಗೆ ತುಕ್ಕು ಹಿಡಿದಿದ್ದರೆ ಕೈಗೆ ಬಿಗಿಯೆನಿಸಿದರೂ ಬೋಲ್ಟು ಸಡಿಲವಾಗಿಯೇ ಇರಬಹುದು. ಎಣ್ಣೆ ಹೆಚ್ಚಾದರೆ ಅದು ಮಿತಿಮೀರಿ ಎಳೆಯಲ್ಪಡಬಹುದು. ಕೈಯ ಅಂದಾಜು ಇಲ್ಲಿ ಸಾಲದು.

ಡಿಜಿಟಲ್ ಪಾನಾದೊಳಗೆ ತೆಳುವಾದ ಲೋಹದ ತಂತುವಿನ ಒಂದು ಪಟ್ಟಿಯನ್ನು ಅಂಟಿಸಿರುತ್ತಾರೆ. ೧೯೩೮ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬುವರು, ಒಬ್ಬರ ಕಾರ್ಯ ಮತ್ತೊಬ್ಬರಿಗೆ ತಿಳಿಯದೆ, ಇದನ್ನು ನಿರ್ಮಿಸಿದರು. ಪಾನಾ ಬಾಗಿದಾಗ ತಂತುವೂ ಹಿಗ್ಗುವುದು. ಹಿಗ್ಗಿದ ತಂತುವಿನಲ್ಲಿ ವಿದ್ಯುತ್ತಿಗೆ ರೋಧ ಹೆಚ್ಚುವುದು. ೩೫೦ ಓಮ್ ರೋಧದ ತಂತುವು ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ, ರೋಧವು ಸುಮಾರು ೦.೭ ಓಮ್ ಏರುವುದು. ಈ ಸೂಕ್ಷ್ಮ ವ್ಯತ್ಯಾಸವನ್ನು ಗ್ರಹಿಸಿ ಅಂಕೆಗಳನ್ನಾಗಿ ಮಾರ್ಪಡಿಸಿದರೆ, ಶಿಷ್ಯನು ಯಾವ ಬೋಲ್ಟಿಗೆ ಎಷ್ಟು ಬಲವನ್ನು ಎಷ್ಟು ಹೊತ್ತಿಗೆ ಕೊಟ್ಟನೆಂಬುದು ದಾಖಲೆಯಾಗುವುದು. ಬಲದ ಜೊತೆಗೆ ಬೋಲ್ಟು ತಿರುಗಿದ ಕೋನವನ್ನೂ ಅಳೆದರೆ ಘರ್ಷಣೆಯ ಮೋಸವೂ ಹೊರಬೀಳುವುದು: ಬಲ ಏರಿದರೂ ಕೋನ ಹೆಚ್ಚದಿದ್ದರೆ ಎಳೆಗಳಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ತಿಳಿಯಬಹುದು. ಇದೇ ಬಗೆಯಾಗಿ ಬೆಸುಗೆಯ ಅಭ್ಯಾಸಯಂತ್ರಗಳು, ನಿಜವಾದ ಕಿಡಿಯಿಲ್ಲದೆಯೇ, ಶಿಷ್ಯನ ಕೈಯ ಓರೆ, ವೇಗ, ಅಂತರ ಇವುಗಳನ್ನು ಅಳೆದು ಆಗಿಂದಾಗಲೇ ತೋರಿಸುತ್ತವೆ. ಆಗಲೇ ತಿಳಿದ ತಪ್ಪನ್ನು ಆಗಲೇ ತಿದ್ದಿಕೊಳ್ಳಬಹುದು. ತಿಂಗಳ ಮೇಲೆ ಅಂಕಪಟ್ಟಿಯಲ್ಲಿ ಕಂಡ ತಪ್ಪು ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಇಬ್ಬರು ಪರೀಕ್ಷಕರು

ಯಂತ್ರಕ್ಕೆ ಕಾಣದ ಸಂಗತಿಗಳೂ ಉಂಟು. ಏರುವ ಮೊದಲು ಹಗ್ಗವನ್ನು ಪರೀಕ್ಷಿಸಿದನೇ? ಜೊತೆಗಾರನಿಗೆ ಸೂಚನೆ ಕೊಟ್ಟನೇ? ಇವುಗಳನ್ನು ಅನುಭವಿಯೊಬ್ಬನು ಕಣ್ಣಾರೆ ನೋಡಿ, ಕೈಯಲ್ಲಿರುವ ಟ್ಯಾಬ್ಲೆಟ್ಟಿನ ಪಟ್ಟಿಯಲ್ಲಿ ಗುರುತಿಸಬೇಕು. ಒಳ್ಳೆಯ ಏರ್ಪಾಡಿನಲ್ಲಿ ಟ್ಯಾಬ್ಲೆಟ್ಟು ಹೊತ್ತನ್ನೂ ಸ್ಥಳವನ್ನೂ ಚಿತ್ರವನ್ನೂ ತಾನೇ ಸೇರಿಸಿಟ್ಟುಕೊಂಡು, ಮೊಬೈಲ್ ಸಂಪರ್ಕವಿಲ್ಲದ ಗುಡ್ಡದ ಮೇಲೆಯೂ ಕೆಲಸ ಮಾಡಿ, ಸಂಪರ್ಕ ದೊರೆತಾಗ ದಾಖಲೆಯನ್ನು ಕಳುಹಿಸುವುದು.

ಆದರೆ ಆ ನೋಡುವವನ ಕಣ್ಣನ್ನು ಪರೀಕ್ಷಿಸುವವರು ಯಾರು? ನೂರು ಶಿಷ್ಯರನ್ನು ಇಬ್ಬರು ಪರೀಕ್ಷಕರು ನೋಡಿ, ೮೦ ಮಂದಿಯ ವಿಷಯದಲ್ಲಿ ಒಂದೇ ತೀರ್ಪು ಕೊಟ್ಟರೆನ್ನೋಣ. ಇದು ಒಳ್ಳೆಯ ಒಮ್ಮತವೆಂದು ತೋರುವುದು. ಆದರೆ ಇಬ್ಬರೂ ನೂರಕ್ಕೆ ೮೦ ಮಂದಿಯನ್ನು ತೇರ್ಗಡೆ ಮಾಡುವ ಅಭ್ಯಾಸದವರಾದರೆ, ಶಿಷ್ಯರನ್ನು ನೋಡದೆಯೇ ತೀರ್ಪು ಬರೆದರೂ ಸುಮಾರು ೬೮ ಮಂದಿಯ ವಿಷಯದಲ್ಲಿ ಒಮ್ಮತ ಆಕಸ್ಮಿಕವಾಗಿಯೇ ಬರುವುದು. ಆಕಸ್ಮಿಕವನ್ನು ಮೀರಿ ಸಾಧಿಸಬಹುದಾಗಿದ್ದುದು ೩೨, ಸಾಧಿಸಿದ್ದು ೧೨. ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞನು ೧೯೬೦ರಲ್ಲಿ ಸೂಚಿಸಿದ ಅಳತೆಯಂತೆ ಇವರ ನಿಜವಾದ ಒಮ್ಮತ ೦.೩೭೫ ಮಾತ್ರ. ಕಾಗದದ ಕಟ್ಟುಗಳಲ್ಲಿ ಹೂತುಹೋಗುತ್ತಿದ್ದ ಈ ದೋಷವು ಅಂಕೀಯ ದಾಖಲೆಯಲ್ಲಿ ಕೂಡಲೆ ಕಾಣಿಸಿಕೊಳ್ಳುವುದು.

ಪ್ರಮಾಣಪತ್ರವೂ ಚಿರಂತನವಲ್ಲ. ಗಾಳಿಯಂತ್ರಗಳ ತಯಾರಕರೂ ಒಡೆಯರೂ ಕೂಡಿ ೨೦೧೨ರಲ್ಲಿ ಸ್ಥಾಪಿಸಿದ ಗ್ಲೋಬಲ್ ವಿಂಡ್ ಆರ್ಗನೈಸೇಷನ್ ಎಂಬ ಸಂಸ್ಥೆಯು, ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷಾ ಶಿಕ್ಷಣಕ್ಕೆ ೨೪ ತಿಂಗಳ ಅವಧಿಯನ್ನು ಗೊತ್ತುಮಾಡಿದೆ. ಯಾರ ಅವಧಿ ಯಾವಾಗ ಮುಗಿಯುವುದೆಂಬುದು ಅದರ ಗಣಕ ದಾಖಲೆಯಲ್ಲಿರುವುದು. ಬಳಸದ ಕತ್ತಿಗೆ ತುಕ್ಕು ಹಿಡಿಯುವಂತೆ, ಅಪರೂಪಕ್ಕೆ ಬೇಕಾಗುವ ವಿದ್ಯೆಯೂ ಮಾಸುವುದಲ್ಲವೇ?

ಹಾಗಾದರೆ ಯಂತ್ರವನ್ನೇ ಗುರುವಿನ ಪೀಠದಲ್ಲಿ ಕೂರಿಸಬಹುದೇ? ಕೂಡದು. ಅಳೆಯುವುದಕ್ಕೆ ಸುಲಭವಾದುದನ್ನು ಮಾತ್ರ ಅಳೆದರೆ, ಶಿಷ್ಯನು ಅದನ್ನೇ ಕಲಿತು ಉಳಿದುದನ್ನು ಬಿಡುವನು. ಅಂಕೆಯನ್ನು ಮೆಚ್ಚಿಸುವನು, ಕೆಲಸವನ್ನಲ್ಲ. ಗಣಕದ ಇಲಿಯನ್ನು ಎಂದೂ ಹಿಡಿಯದ ನುರಿತ ಕೈಯೊಂದು ತೆರೆಯ ಮುಂದೆ ತಡವರಿಸಿದರೆ, ಆ ತಡವರಿಕೆಯನ್ನು ಅಜ್ಞಾನವೆಂದು ಬಗೆಯಬಾರದು. ಪರೀಕ್ಷೆಯ ಮೊದಲು ಯಂತ್ರದ ಪರಿಚಯ, ಅವನಾಡುವ ಕನ್ನಡದಲ್ಲಿ ಪ್ರಶ್ನೆ, ತೀರ್ಪನ್ನು ಮತ್ತೊಮ್ಮೆ ನೋಡಬೇಕೆಂದು ಕೇಳುವ ಅವಕಾಶ, ಈ ಮೂರೂ ಅವನಿಗೆ ಸಲ್ಲತಕ್ಕವು.

ಒರೆಗಲ್ಲು ಎಷ್ಟೇ ಒಳ್ಳೆಯದಾದರೂ ಗೆರೆಯನ್ನು ಓದುವವನು ಅಕ್ಕಸಾಲಿಗನೇ. ಅಂಕೆಗಳು ಗುರುವಿನ ಕಣ್ಣಿಗೆ ಕನ್ನಡಕವಾಗಬೇಕೇ ಹೊರತು ಕಣ್ಣಿಗೆ ಬದಲಾಗಬಾರದು. ಆಗ ಗೋಪುರದ ತುದಿಗೆ ಏರಿದ ತರುಣನು ಸಂಜೆಗೆ ಕ್ಷೇಮವಾಗಿ ಕೆಳಗಿಳಿದು ಮನೆಯನ್ನು ಸೇರುವನೆಂದು ಅವನ ಮನೆಯವರು ಧೈರ್ಯದಿಂದ ನಂಬಬಹುದು.