ಹಾರ್ಲೆಮ್‌ನ ಪಿಟೀಲು ಟೀಚರ್

ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್. 1980ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಪಿಟೀಲು ಕಲಿಸಲು ರಾಬರ್ಟಾ ಗ್ವಾಸ್ಪಾರಿ ಬಂದರು, ಜೊತೆಗೆ ತಮ್ಮದೇ 50 ಪಿಟೀಲು.

ಪುಟ್ಟ ಕೈಗೆ ದೊಡ್ಡವರ ಪಿಟೀಲು ಎಟುಕಲ್ಲ. ಅದಕ್ಕೇ ಅರ್ಧ, ಕಾಲು, ಅರೆಕಾಲು ಅಳತೆಯವು ಇವೆ. ಮಗು ಬೆಳೆದಂತೆ ವಾದ್ಯ ಬದಲಾಗಬೇಕು. ಬಡವರ ಮನೆಗೆ ಅದೇ ಭಾರ. ಇನ್ನು ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ, ಬೆರಳು ಒಂದಿಷ್ಟು ಜಾರಿದರೂ ಸ್ವರ ತಪ್ಪುತ್ತೆ! ಎಷ್ಟೋ ಟೀಚರುಗಳು ಬೆರಳಿಡುವ ಜಾಗಕ್ಕೆ ಟೇಪ್ ಅಂಟಿಸಿ ಕಲಿಸುತ್ತಾರೆ. ಕಮಾನು ನೆಟ್ಟಗೆ ಎಳೆಯೋದಕ್ಕೇ ತಿಂಗಳುಗಟ್ಟಲೆ ಬೇಕು. ಈ ತಾಳ್ಮೆಗೆ ಸಂಬಳ ಕೊಡಲೇಬೇಕು ಅಂತೀನಿ ನಾನು.

ಆದರೆ 1991ರಲ್ಲಿ ಬಜೆಟ್ ಕಡಿತ, ರಾಬರ್ಟಾ ಅವರ ಪಾಠಕ್ಕೆ ಕತ್ತರಿ. ಪೋಷಕರು ಟೀಚರ್ ಬೆನ್ನಿಗೆ ನಿಂತರು. 1993ರಲ್ಲಿ ಕಾರ್ನೆಗೀ ಹಾಲ್‌ನಲ್ಲಿ ಸಹಾಯಾರ್ಥ ಕಛೇರಿ: ಹೆಸರಾಂತ ಪಿಟೀಲುವಾದಕರಾದ ಐಸಾಕ್ ಸ್ಟರ್ನ್, ಇಟ್ಜಾಕ್ ಪರ್ಲ್‌ಮನ್ ಪಕ್ಕದಲ್ಲಿ ಹಾರ್ಲೆಮ್‌ನ ಮಕ್ಕಳು! ಆ ಹೋರಾಟದಿಂದ ಬೆಳೆದದ್ದೇ ಓಪಸ್ 118 ಸಂಗೀತ ಶಾಲೆ.