ಪುಸ್ತಕ ತೆರೆದಿಟ್ಟು ಪರೀಕ್ಷೆ ಬರೆದ ಮಕ್ಕಳು

ಎಂಟನೇ ತರಗತಿಯ ವಿಜ್ಞಾನ ಪರೀಕ್ಷೆ. ಡೆಸ್ಕಿನ ಮೇಲೆ ಪಠ್ಯಪುಸ್ತಕ ತೆರೆದೇ ಇದೆ, ಪಕ್ಕದಲ್ಲಿ ಮಕ್ಕಳದೇ ನೋಟ್‌ಬುಕ್. ನೋಡಿ ಬರೆಯಲು ಯಾರ ಅಡ್ಡಿಯೂ ಇಲ್ಲ. ಆದರೆ ನೋಡಿ ಬರೆಯೋಣವೆಂದರೆ ಆ ಪುಸ್ತಕದಲ್ಲಿ ಉತ್ತರವೇ ಇಲ್ಲ! ಇರುವುದು ಪ್ರಯೋಗ ಮಾಡುವ ಸೂಚನೆಗಳು, ಮತ್ತೆ ಪ್ರಶ್ನೆಗಳು. ಉತ್ತರವೇನಾದರೂ ಇದ್ದರೆ ಅದು ವರ್ಷವಿಡೀ ತಾವೇ ಕಂಡು, ಅಳೆದು, ಬರೆದಿಟ್ಟುಕೊಂಡ ನೋಟ್‌ಬುಕ್ಕಿನಲ್ಲಿ. ಬರವಣಿಗೆ ಮುಗಿದ ಮೇಲೆ ಪ್ರಯೋಗ ಪರೀಕ್ಷೆ ಬೇರೆ.

ಇದು ನಗರದ ಯಾವುದೋ ದುಬಾರಿ ಶಾಲೆಯ ಮಾತಲ್ಲ. ಮಧ್ಯಪ್ರದೇಶದ ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಯ (ಈಗ ನರ್ಮದಾಪುರಂ) ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಮೂರು ದಶಕ ನಡೆದ ಕಲಿಕೆ. ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಎಂದು ಅದರ ಹೆಸರು.

ಶುರುವಾದದ್ದು 1972ರಲ್ಲಿ, ಬರೀ 16 ಮಾಧ್ಯಮಿಕ ಶಾಲೆಗಳಲ್ಲಿ. ಮುಂದಾದವು ಎರಡು ಸ್ವಯಂಸೇವಾ ಸಂಸ್ಥೆಗಳು: ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಬನಖೇಡಿಯ ಕಿಶೋರ್ ಭಾರತಿ. ಕಿಶೋರ್ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲ್ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಅಣು ಜೀವವಿಜ್ಞಾನಿ. ಅದೇ ಸಂಸ್ಥೆಯ ಯಶ್‌ಪಾಲ್ ಬೆಂಬಲಕ್ಕೆ ನಿಂತರು. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನ ಅಧ್ಯಾಪಕರು ರಜೆಯಲ್ಲಿ ಬಂದು ಮಾಸ್ತರರ ಜೊತೆ ಕೂತು ಪಾಠಗಳನ್ನು ಬರೆದರು, ತಿದ್ದಿದರು, ಮತ್ತೆ ಬರೆದರು. ರಾಜ್ಯ ಸರ್ಕಾರ ಶಾಲೆಗಳನ್ನು ಒಪ್ಪಿಸಿತು; ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಪುಸ್ತಕ ಬಳಸಲು, ಬೇರೆ ಪರೀಕ್ಷೆ ನಡೆಸಲು ಅನುಮತಿ ಕೊಟ್ಟಿತು. ಶಾಲೆಗಳಲ್ಲಿ ಹೊಸತನ್ನು ತರಹೊರಟ ಎಷ್ಟೋ ಯೋಜನೆಗಳು ಮುಗ್ಗರಿಸುವುದು ಈ ಪರೀಕ್ಷೆಯ ಮುಂದೆಯೇ. ಪಾಠದಲ್ಲಿ ಪ್ರಶ್ನೆ ಕೇಳು ಎಂದು ಹೇಳಿ, ಪರೀಕ್ಷೆಯಲ್ಲಿ ಉರುಹೊಡೆದದ್ದನ್ನು ಕಕ್ಕು ಎಂದರೆ ಮಗು ಯಾವುದನ್ನು ನಂಬಬೇಕು?

ಪಾಠದ ರೀತಿ ನೋಡಬೇಕಾದರೆ ಎಲೆ-ಬೇರಿನ ಅಧ್ಯಾಯವೊಂದು ಸಾಕು. ನಾಲ್ಕು ನಾಲ್ಕು ಮಕ್ಕಳ ಗುಂಪು ಶಾಲೆಯ ಹೊರಗೆ ಹೋಗುತ್ತದೆ. ಹುಲ್ಲು, ಮೆಕ್ಕೆಜೋಳ, ತುಳಸಿ, ದಾರಿಬದಿಯ ಕಳೆ, ಸಿಕ್ಕಿದ್ದನ್ನೆಲ್ಲ ಬೇರುಸಹಿತ ಕಿತ್ತು ತರುತ್ತದೆ. ಎಲೆಯ ನರಗಳು ಬಲೆಯಂತಿವೆಯೋ, ಉದ್ದಕ್ಕೆ ಗೆರೆ ಎಳೆದಂತಿವೆಯೋ? ಬೇರು ಒಂದೇ ದಪ್ಪ ತಾಯಿಬೇರೋ, ಕುಂಚದಂತೆ ಹರಡಿದ ತಂತುಬೇರೋ? ಕೋಷ್ಟಕ ತುಂಬುತ್ತ ಹೋದಂತೆ ಒಂದು ಹುಡುಗಿ ಗಮನಿಸುತ್ತಾಳೆ: ಗೆರೆಯ ಎಲೆ ಇದ್ದಲ್ಲೆಲ್ಲ ತಂತುಬೇರು, ಬಲೆಯ ಎಲೆ ಇದ್ದಲ್ಲೆಲ್ಲ ತಾಯಿಬೇರು. ಮುಂದೆ ಬೀಜ ನೆನೆಸಿ ಬಿಡಿಸಿದರೆ ಏಕದಳ, ದ್ವಿದಳದ ಗುಟ್ಟೂ ಅದೇ ಸಾಲಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಮೂರು ಸಾಲಿನ ವ್ಯಾಖ್ಯೆಯಾಗಿ ಬಾಯಿಪಾಠವಾಗುವ ಸಂಗತಿ ಅಲ್ಲಿ ಮಗುವಿನ ಸ್ವಂತ ಶೋಧ.

ಪ್ರಯೋಗಕ್ಕೆ ಸಾಮಾನು? ಹೂವಿನ ಭಾಗ ಬಿಡಿಸಲು ಸೂಜಿ ಇಲ್ಲದಿದ್ದರೆ ಜಾಲಿಮುಳ್ಳು. ಆಕಾರ ಕಟ್ಟಲು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬ್. ಈ ಎರಡನೆಯದು ಅರವಿಂದ ಗುಪ್ತಾ ಅವರ ಕೊಡುಗೆ. ಕಾನ್ಪುರ ಐಐಟಿಯಲ್ಲಿ ಓದಿ ಪುಣೆಯ ಟೆಲ್ಕೊದಲ್ಲಿದ್ದ ಅವರು 1978ರಲ್ಲಿ ರಜೆ ಹಾಕಿ ಇಲ್ಲಿಗೆ ಬಂದರು. ಟ್ಯೂಬಿನ ತುಂಡುಗಳಿಗೆ ಕಡ್ಡಿ ಸಿಕ್ಕಿಸಿ ತ್ರಿಕೋನ ಮಾಡಿ ಒತ್ತಿದರೆ ಅದು ಜಗ್ಗದು. ಚೌಕ ಮಾಡಿ ಒತ್ತಿದರೆ ವಾಲಿಕೊಂಡು ವಜ್ರಾಕೃತಿಯಾಗುತ್ತದೆ. ಸೇತುವೆ, ಕಂಬಗಳಲ್ಲಿ ಅಷ್ಟೊಂದು ತ್ರಿಕೋನಗಳೇಕೆ ಎಂಬುದು ಬೆರಳಿಗೇ ತಿಳಿಯುತ್ತದೆ. ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಆದರೂ ಇಡೀ ಕಾರ್ಯಕ್ರಮದ ಜೀವಾಳ ಕಿಟ್ ಅಲ್ಲ, ಮಾಸ್ತರರು. ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿ. ಅಲ್ಲಿ ಅವರು ಭಾಷಣ ಕೇಳುತ್ತಿರಲಿಲ್ಲ, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ತಾವೇ ಮಾಡಿ ನೋಡುತ್ತಿದ್ದರು. ಆಮೇಲೆ ಪ್ರತಿ ತಿಂಗಳು ಸುತ್ತಲಿನ ಶಾಲೆಗಳ ಶಿಕ್ಷಕರ ಸಭೆ. ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪ್ರಶ್ನೆಗೆ ಮಕ್ಕಳು ತಬ್ಬಿಬ್ಬಾದರು ಎಂಬ ಚರ್ಚೆ. ಹೀಗೆ ಬಂದ ಅನುಭವದಿಂದ ‘ಬಾಲ ವೈಜ್ಞಾನಿಕ’ ಪಠ್ಯಗಳು ಪರಿಷ್ಕಾರಗೊಂಡವು. ಹಳ್ಳಿಯ ಶಿಕ್ಷಕರೇ ಮುಂದೆ ಬೇರೆ ಜಿಲ್ಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಕ್ಕಳಿಗಂತೂ ‘ಸವಾಲಿರಾಮ್’ ಎಂಬ ಕಾಲ್ಪನಿಕ ಗೆಳೆಯನಿದ್ದ. ತಲೆಗೆ ಹೊಳೆದ ಯಾವ ಪ್ರಶ್ನೆಯನ್ನಾದರೂ ಬರೆದು ಅವನಿಗೆ ಅಂಚೆಗೆ ಹಾಕಿದರೆ ಉತ್ತರ ಬರುತ್ತಿತ್ತು.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಅದನ್ನು ರಾಜ್ಯದುದ್ದಕ್ಕೂ ಒಯ್ಯುವ ಗುರಿಯಿಂದ 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿತು. ಹತ್ತಕ್ಕೂ ಹೆಚ್ಚು ಜಿಲ್ಲೆಗಳು, ಸುಮಾರು 1000 ಶಾಲೆ, ಒಂದು ಲಕ್ಷದಷ್ಟು ಮಕ್ಕಳು. ಆದರೆ 2002ರಲ್ಲಿ ಸರ್ಕಾರದ ಒಂದು ಆದೇಶ ಎಲ್ಲವನ್ನೂ ನಿಲ್ಲಿಸಿತು. ವಿಜ್ಞಾನಿಗಳು, ಶಿಕ್ಷಣ ತಜ್ಞರು ಪ್ರತಿಭಟಿಸಿದರೂ ಶಾಲೆಗಳು ಮಾಮೂಲು ಪುಸ್ತಕಕ್ಕೆ ಮರಳಿದವು. ಮೂವತ್ತು ವರ್ಷ ಕೂಡಿ ಕಟ್ಟಿದ್ದನ್ನು ಪಾಲುದಾರರಲ್ಲಿ ಒಬ್ಬರೇ ಕೆಡವಬಹುದಾಗಿತ್ತು ಎಂಬುದೇ ಈ ಕಥೆಯ ನೋವಿನ ಭಾಗ.

ಕೆಲಸ ಪೂರ್ತಿ ಮಣ್ಣಾಗಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಹೊರಬರಬೇಕೆಂದು ಒತ್ತಿ ಹೇಳಿತು. ಅದರ ಮಾರ್ಗದರ್ಶಿ ಸಮಿತಿಯ ಅಧ್ಯಕ್ಷರಾಗಿದ್ದವರು ಅದೇ ಯಶ್‌ಪಾಲ್. ನಮ್ಮ ಕರ್ನಾಟಕದಲ್ಲೂ ಅಕ್ಷರ ಫೌಂಡೇಶನ್ ಮತ್ತು ಶಿಕ್ಷಣ ಇಲಾಖೆಯ ಗಣಿತ ಕಲಿಕಾ ಆಂದೋಲನ ಸರ್ಕಾರಿ ಶಾಲೆಗಳ ನಾಲ್ಕು-ಐದನೇ ತರಗತಿಗೆ ಗಣಿತದ ಕಿಟ್ ತಲುಪಿಸಿದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸಿದೆ. ಕಿಟ್ ಬೀರುವಿನಿಂದ ಹೊರಬರಬೇಕಾದರೆ ಹೋಶಂಗಾಬಾದಿನ ಉಳಿದೆರಡು ಪಾಠಗಳೂ ಬೇಕು: ಶಿಕ್ಷಕರ ತಿಂಗಳ ಸಭೆ ಮತ್ತು ಕಲಿಸುವ ರೀತಿಗೆ ಒಪ್ಪುವ ಪರೀಕ್ಷೆ. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಕಿಟ್ ಎಲ್ಲಿದೆ, ಯಾರು ಬಳಸುತ್ತಿದ್ದಾರೆ, ಏನು ತೊಡಕು ಎಂದು ವಿಚಾರಿಸಿ. ಅರವಿಂದ ಗುಪ್ತಾ ಅವರ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಒಂದನ್ನು ಮುದ್ರಿಸಿ ವಿಜ್ಞಾನದ ಶಿಕ್ಷಕರ ಕೈಗೆ ಕೊಡಿ.